ಕಣ್ಣು ಮುಚ್ಚುವ ಗೊಂಬೆ

ಲಾಗೋಸ್,
ಮಾರ್ಚ್ 14, ಗುರುವಾರ

ನನ್ನ ಅಮ್ಮನಿಗೆ,

ಇಲ್ಲಿಂದಲೇ ಎರಡೂ ಮಂಡಿ ಊರಿ ನಮಸ್ಕಾರ. ಸುಮ್ಮನೆ ಬರೆದದ್ದಲ್ಲ, ನಿಜವಾಗಿಯೂ ಊರಿದ್ದೀನಿ. ಕಾಲೇಜಿನ ಸ್ಟುಡಿಯೋ ಹಿಂದಿನ ಬಾದಾಮಿ ಮರದ ಕೆಳಗೆ ಸ್ಟೂಲಿನ ಮೇಲೆ ಕಾಗದ ಇಟ್ಟುಕೊಂಡು ಬರೀತಿದ್ದೀನಿ. ನನ್ನ ರೂಮ್‌ಮೇಟ್ ಎಬೆರೆ ನೋಡಿ, "ಏನೇ, ಪರೀಕ್ಷೆ ಹತ್ರ ಬಂತು ಅಂತ ಪ್ರಾರ್ಥನೆನಾ?" ಅಂತ ಛೇಡಿಸಿ ಹೋದಳು.

ವಾರವಾರ ಫೋನಿನಲ್ಲಿ ಮಾತಾಡುವವಳು ಕಾಗದ ಯಾಕೆ ಬರೆದಳು ಅಂತ ಗಾಬರಿಯಾಗಬೇಡ. ಬೋರ್ಡಿಂಗ್ ಸ್ಕೂಲಿನಲ್ಲಿ ಆರು ವರ್ಷ ಫೋನ್ ಇರಲಿಲ್ಲ, ನಾವಿಬ್ಬರೂ ಕಾಗದದಲ್ಲೇ ಜಗಳ ಆಡಿದ್ದು, ಕಾಗದದಲ್ಲೇ ರಾಜಿ ಆದದ್ದು. ಮುಖ್ಯವಾದದ್ದನ್ನು ನನಗೆ ಬಾಯಲ್ಲಿ ಹೇಳೋಕೆ ಬರಲ್ಲ. ಫೋನ್ ಮಾಡಿದರೆ ನೀನು ಸ್ಪೀಕರ್ ಹಾಕಿ ಬಟ್ಟೆ ಅಳೀತಿರ್ತೀಯ, ಅಂಗಡಿಗೆ ಬಂದವರೆಲ್ಲ "ಇಬೆಜಿ ಅಮ್ಮಾ, ಮಗಳೇನಂತಾಳೆ?" ಅಂತಾರೆ. ಆ ಹೆಸರು ಕಿವಿಗೆ ಬಿದ್ದರೆ ನಾನು ಏನೋ ನೆಪ ಹೇಳಿ ಫೋನ್ ಇಟ್ಟುಬಿಡ್ತೀನಿ. ಅವಳಿಗಳ ತಾಯಿ. ಹದಿನೆಂಟು ವರ್ಷದಿಂದ ನಾನೊಬ್ಬಳೇ ಓಡಾಡ್ತಿದ್ದರೂ ನಿನ್ನನ್ನು ಯಾರೂ ಒಂದು ಮಗುವಿನ ತಾಯಿ ಅಂತ ಕರೆದಿಲ್ಲ.

ನಾನು ಚೆನ್ನಾಗಿದ್ದೀನಿ. ಊಟ ಸರಿಯಾಗಿ ಮಾಡ್ತಿದ್ದೀನಿ. ಇದು ಸುಳ್ಳು. ಹತ್ತು ದಿನದಿಂದ ಮರಗೆಣಸಿನ ಗರಿ ಪುಡಿ ನೆನೆಸಿ ಸಕ್ಕರೆ ಹಾಕಿ ಕುಡೀತಿದ್ದೀನಿ, ಬೇರೇನೂ ಇಳಿಯಲ್ಲ.

ಅಲಾಬಿ ಸರ್ ಬಗ್ಗೆ ಹೇಳಿದ್ದೆನಲ್ಲ, ನಮಗೆ ಶಿಲ್ಪ ಕಲಿಸುವವರು. ಮೊದಲ ಕ್ಲಾಸಿನಲ್ಲೇ ಅವರು, "ಕಟ್ಟೋದನ್ನ ಬೇರೆಯವರು ಕಲಿಸ್ತಾರೆ. ನಾನು ಮೊದಲು ಕೆಡವೋದು ಕಲಿಸ್ತೀನಿ" ಅಂದಿದ್ದರು. ಹಸಿ ಮಣ್ಣಿನಲ್ಲಿ ಪಟ್ಟಣ ಮಾಡಿ ಮಳೆಗೆ ಬಿಡುವವರು, ತಮ್ಮ ಚಿತ್ರ ತಾವೇ ಸುಟ್ಟು ಬೂದಿಯನ್ನು ಗಾಜಿನಲ್ಲಿ ಇಡುವವರು, ಇಂಥವರ ಫೋಟೋಗಳನ್ನೆಲ್ಲ ತೋರಿಸಿದರು. ಅಸೈನ್‌ಮೆಂಟ್ ಒಂದೇ ಸಾಲು: ಮತ್ತೆ ಸಿಗದ ಒಂದು ವಸ್ತುವನ್ನು ನಿಮ್ಮ ಕೈಯಾರೆ ನಾಶ ಮಾಡಿ, ಉಳಿದದ್ದನ್ನು ಗೋಡೆಗೆ ಹಾಕಿ.

ನಾನು ಮೊದಲು ಪಿಂಗಾಣಿ ತಟ್ಟೆ ಒಡೆದೆ. ಸರ್, "ಇದನ್ನ ನಾನೂ ಮನೇಲಿ ಪಾತ್ರೆ ತೊಳೆಯುವಾಗ ಮಾಡ್ತೀನಮ್ಮ, ನನ್ನ ಹೆಂಡತಿ ಮಾರ್ಕ್ಸ್ ಕೊಡಲ್ಲ" ಅಂದರು. ಕ್ಲಾಸೆಲ್ಲ ನಕ್ಕಿತು. ಆಮೇಲೆ ಸ್ಕೂಲ್ ಯೂನಿಫಾರ್ಮ್ ಕತ್ತರಿಸಿ ತಂದೆ. "ಇದು ಹೋದರೆ ನಿನಗೆ ಅಳು ಬರುತ್ತಾ?" ಅಂತ ಕೇಳಿದರು. ಇಲ್ಲ ಸರ್ ಅಂದೆ. "ಮತ್ತೆ ನಾವ್ಯಾಕೆ ಅಳಬೇಕು?" ಅಂದರು. ಹಿಂದಿನ ಬೆಂಚಿನ ಹುಡುಗರಿಗೆ ಒಂದು ವಾರ ಅದೇ ಆಟ. ನನ್ನ ಪೆನ್ಸಿಲ್ ಬಿದ್ದರೂ, "ಬೋರ್ಡಿಂಗ್ ಮೇಡಂ, ಅಳು ಬಂತಾ?" ಅಂತಿದ್ದರು.

ಆ ಶುಕ್ರವಾರ ನಾನು ಇಬಾಡಾನ್‌ಗೆ ಬಂದದ್ದು. ಮನೆ ನೆನಪಾಯ್ತು ಅಂದೆ. ನೀನು ಖುಷಿಯಲ್ಲಿ ಬೀನ್ಸ್ ರುಬ್ಬಿ ಅಕಾರಾ ಕರಿದೆ. ಶನಿವಾರ ಬೆಳಿಗ್ಗೆ ನೀನು ಅಂಗಡಿಗೆ ಹೋದ ಮೇಲೆ ನಿನ್ನ ಕಪಾಟಿನ ಕೆಳಗಿನ ಪರದೆ ಸರಿಸಿ ತೈವೊಳನ್ನು ಎತ್ತಿಕೊಂಡೆ.

ಬರೆದುಬಿಟ್ಟೆ. ಹತ್ತು ದಿನದಿಂದ ಈ ಒಂದು ಸಾಲಿಗೆ ಎಷ್ಟು ಕಾಗದ ಹರಿದೆನೋ.

ಅಮ್ಮಾ, ಅವತ್ತು ನನಗೆ ನಾನೇ ಹೇಳಿಕೊಂಡದ್ದು: ಪ್ಲಾಸ್ಟಿಕ್ ತಾನೆ. ಪಾಸ್ಟರ್ ಬಂದಾಗ ನೀನೇ ಬಟ್ಟೆ ಗಂಟಿನೊಳಗೆ ತುರುಕಿ ಮುಚ್ಚಿಡುವ ಗೊಂಬೆ. ಸ್ಕೂಲಿನಲ್ಲಿ ಇಂಥದ್ದಕ್ಕೆಲ್ಲ ಅಜ್ಞಾನ ಅಂತ ಹೆಸರು. ಏಳು ತಿಂಗಳ ಕೂಸಾಗಿದ್ದಾಗಲೇ ಹೋದ ನನ್ನ ಅವಳಿಯ ಹೆಸರಲ್ಲಿ ಒಂದು ಗೊಂಬೆಗೆ ಹದಿನೆಂಟು ವರ್ಷ ಶುಕ್ರವಾರ ಶುಕ್ರವಾರ ಮೀಯಿಸಿ, ಎಣ್ಣೆ ಹಚ್ಚಿ, ಬೀನ್ಸ್ ತಿನ್ನಿಸುವುದು ಯಾವ ಕಾಲದ್ದು ಅಂತ.

ಆದರೆ ಅದಕ್ಕಲ್ಲ ನಾನು ಎತ್ತಿಕೊಂಡದ್ದು. ಮೊದಲ ಚಮಚ ಯಾವಾಗಲೂ ಅವಳಿಗೆ. ಅದಕ್ಕೆ. ನನಗೆ ಹೊಡೆದ ದಿನ ನೀನು ಹೋಗಿ ಅವಳನ್ನು ಎತ್ತಿಕೊಳ್ತಿದ್ದೆ. ಸ್ಕೂಲಿಗೆ ನೋಡಲು ಬರುವಾಗ ಬಿಸ್ಕತ್ತು ಎರಡು, ರಿಬ್ಬನ್ ಎರಡು, ಚಪ್ಪಲಿ ಕೂಡ ಎರಡು ಜೊತೆ ತರ್ತಿದ್ದೆ. ಒಂದು ನನ್ನ ಕೈಗೆ, ಇನ್ನೊಂದು ವಾಪಸ್ ನಿನ್ನ ಚೀಲಕ್ಕೆ. ಬಿಸ್ಕತ್ತು ಸಾಲದೆ ಅಲ್ಲ ನಾನು ಅಳ್ತಿದ್ದದ್ದು. ಮೊದಲು ಹುಟ್ಟಿದ್ದು ಅವಳಾದರೂ ಅಕ್ಕ ನಾನೇ, ಲೋಕದ ರುಚಿ ಹೇಗಿದೆ ನೋಡಿ ಬಾ ಅಂತ ಅವಳನ್ನು ಮುಂದೆ ಕಳಿಸಿದವಳು ನಾನು, ಅಂತ ನೀನೇ ಹೇಳ್ತಿದ್ದೆ. ಹಾಗಾದರೆ ಅಕ್ಕನಿಗೆ ಯಾಕೆ ಯಾವಾಗಲೂ ಎರಡನೇ ಚಮಚ? ಅವಳಿಗಳ ಬೆನ್ನಿಗೆ ಹುಟ್ಟುವ ಮಗುವಿಗೆ ಇಡೊವು ಅಂತ ಹೆಸರಿಡ್ತಾರಲ್ಲ, ಒಬ್ಬ ಇಡೊವು ಆದರೂ ಬರಲಿ, ನನ್ನ ಜೊತೆ ಉಸಿರಾಡುವ ಯಾರಾದರೂ ಬರಲಿ ಅಂತ ಎಷ್ಟು ಬೇಡಿಕೊಂಡಿದ್ದೆ. ಅಷ್ಟರಲ್ಲಿ ಅಪ್ಪ ಹೋಗಿಬಿಟ್ಟರು.

ಇನ್ನೂ ಕೆಟ್ಟದ್ದೊಂದಿದೆ. ಲಾಗೋಸ್ ಬಿಡುವಾಗಲೇ ನನ್ನ ಚೀಲದಲ್ಲಿ ಇನ್ನೊಂದು ಗೊಂಬೆ ಇತ್ತು. ಬಾಲೊಗುನ್ ಮಾರ್ಕೆಟ್ಟಿನಲ್ಲಿ ಎರಡು ದಿನ ಹುಡುಕಿದ್ದೆ. ಅಷ್ಟೇ ಉದ್ದ, ಅದೇ ಬಣ್ಣ. ಚಹಾದ ನೀರು, ತಾಳೆಣ್ಣೆ, ಸ್ವಲ್ಪ ಮಸಿ ಉಜ್ಜಿ ಹಳೇದು ಮಾಡಿದೆ. ಇಷ್ಟು ದಿನದಲ್ಲಿ ನಾನು ಶ್ರದ್ಧೆಯಿಂದ ಮಾಡಿದ ಕಲಾಕೆಲಸ ಅದೊಂದೇ ಇರಬೇಕು. ತೈವೊಳ ಕೆಂಪು ಬಟ್ಟೆ ಬಿಚ್ಚಿ ಅದಕ್ಕೆ ಸುತ್ತಿ, ಪರದೆ ಹಿಂದೆ ಕೂರಿಸಿ ಬಂದೆ. ಮುಂದಿನ ಶುಕ್ರವಾರ ಹೆದರುತ್ತಲೇ ಫೋನ್ ಮಾಡಿ, ಎಲ್ಲ ಆರಾಮಾ ಅಂತ ಕೇಳಿದೆ. ನೀನು, "ನೀವಿಬ್ಬರೂ ಚೆನ್ನಾಗಿದ್ದರೆ ನನಗಷ್ಟೇ ಸಾಕು" ಅಂದೆ. ಬಚಾವಾದೆ ಅಂದುಕೊಂಡೆ.

ಆಮೇಲಿನ ಸೋಮವಾರ, ಅಂದರೆ ಹತ್ತು ದಿನದ ಹಿಂದೆ, ಸ್ಟುಡಿಯೋ ಅಂಗಳದಲ್ಲಿ ನಾನೂ ಎಬೆರೆಯೂ ಇದ್ದಿಲ ಒಲೆ ಹಚ್ಚಿ ಮೇಲೆ ತಗಡು ಇಟ್ಟೆವು. ತೈವೊಳನ್ನು ಅದರ ಮೇಲೆ ಮಲಗಿಸಿದಾಗ ಟಕ್ ಅಂತ ಕಣ್ಣು ಮುಚ್ಚಿಕೊಂಡಳು. ಹಳೇ ಗೊಂಬೆ ತಾನೆ, ಮಲಗಿಸಿದರೆ ಕಣ್ಣು ಮುಚ್ಚುತ್ತೆ. ಎಬೆರೆ, "ಏಯ್, ಪಾಪ ಕಣೇ, ನಿದ್ದೆ ಮಾಡ್ತಿದೆ, ಆಮೇಲೆ ಸುಡು" ಅಂತ ತಮಾಷೆ ಮಾಡಿದಳು. ನಾನೂ ನಕ್ಕೆ. ಆ ನಗು ನನ್ನ ಕಿವಿಯಿಂದ ಹೋಗ್ತಿಲ್ಲ. ಮೊದಲು ಕೆನ್ನೆ ಜಾರಿತು. ನೀನು ತಿನ್ನಿಸಿ ತಿನ್ನಿಸಿ ತುಟಿ ಸವೆದುಹೋಗಿತ್ತು, ಅದು ಯಾವಾಗ ಕರಗಿತೋ ಗೊತ್ತೇ ಆಗಲಿಲ್ಲ. ಉಳಿದದ್ದು ಎಡಗಾಲಿನ ಪಾದ, ಸೊಂಟದ ಗಾಜಿನ ಮಣಿಗಳು ಹನ್ನೊಂದು.

ಗೋಡೆಗೆ ಹಾಕಿದೆ. ಸರ್ ತುಂಬಾ ಹೊತ್ತು ನಿಂತು ನೋಡಿದರು. ಯಾರೂ ನಗಲಿಲ್ಲ. "ಇದು ಯಾರದಮ್ಮ?" ಅಂತ ಮೆಲ್ಲಗೆ ಕೇಳಿದರು. ಮಾರ್ಕೆಟ್ಟಿನದು ಸರ್ ಅಂದೆ. ಇಡೀ ಕ್ಲಾಸಿಗೆ ನನ್ನದೇ ಹೆಚ್ಚು ಅಂಕ.

ಪಕ್ಕದಲ್ಲಿ ಅವಳ ಮುಖವೂ ಇರಲಿ ಅಂತ ಅವತ್ತು ಸಂಜೆ ನನ್ನ ಟ್ರಂಕಿನ ಫೋಟೋ ತೆಗೆದೆ. ನಾವಿಬ್ಬರೂ ಅಕ್ಕಪಕ್ಕ ಕೂತಿದ್ದೀವಲ್ಲ, ಬಿಳಿ ಟೋಪಿ ಹಾಕಿ, ಅದು. ಹುಟ್ಟಿದಾಗಿನಿಂದ ನೋಡಿದ ಫೋಟೋ. ಈಗ ಭೂತಗನ್ನಡಿ ಹಿಡಿದು ನೋಡಿದೆ. ಇಬ್ಬರ ಎಡ ಕಾಲ್ಚೀಲವೂ ಒಂದೇ ಥರ ಜಾರಿದೆ. ಇಬ್ಬರ ಗಲ್ಲದ ಮೇಲೂ ಒಂದೇ ಜೊಲ್ಲಿನ ಹನಿ. ನಡುವೆ ಕೂದಲೆಳೆಯಷ್ಟು ತೆಳ್ಳಗೆ ಜೋಡಿಸಿದ ಗೆರೆ. ಇಬ್ಬರೂ ನಾನೇ, ಅಲ್ವಾ ಅಮ್ಮಾ? ಅವಳು ಹೋದ ಮೇಲೆ ಫೋಟೋ ಸ್ಟುಡಿಯೋದವನ ಹತ್ತಿರ ನನ್ನನ್ನೇ ಎರಡು ಸಲ ಅಚ್ಚು ಹಾಕಿಸಿದ್ದೀಯ. ಅಂದರೆ ತೈವೊಗೆ ಲೋಕದಲ್ಲಿ ಫೋಟೋ ಅಂತ ಒಂದೂ ಇಲ್ಲ. ಇದ್ದದ್ದು ಆ ಪ್ಲಾಸ್ಟಿಕ್ ಮುಖ ಒಂದೇ.

ಮತ್ತೆ ಸಿಗದ ವಸ್ತು ಅಂತ ಸರ್ ಕೇಳಿದ್ದರು. ನಾನು ಅವರು ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟುಬಿಟ್ಟೆ.

ನಾಡಿದ್ದು ಶನಿವಾರ ನಮ್ಮ ಹುಟ್ಟುಹಬ್ಬ. ನೀನು ಬೀದಿಯ ಮಕ್ಕಳನ್ನೆಲ್ಲ ಕರೆದು ಬೀನ್ಸ್ ಬಡಿಸ್ತೀಯ, ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಾಡ್ತೀಯ. ಮಾರ್ಕೆಟ್ಟಿನ ಗೊಂಬೆಗೆ ನೀನು ಹಾಡುವುದನ್ನು ಎದುರು ಕೂತು ನೋಡುವ ಧೈರ್ಯ ನನಗಿಲ್ಲ. ಅದಕ್ಕೇ ಅದಕ್ಕಿಂತ ಮೊದಲು ಗೊತ್ತಾಗಲಿ ಅಂತ ಬರೆದೆ. ನಾಳೆ ಬೆಳಿಗ್ಗೆ ಇಬಾಡಾನ್ ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸ್ತೀನಿ. ಪಾದ ಮತ್ತು ಮಣಿಗಳನ್ನು ಗೋಡೆಯಿಂದ ತೆಗೆದಿದ್ದೀನಿ. ಬಾ ಅಂದರೆ ತರ್ತೀನಿ. ಬರಬೇಡ ಅಂದರೂ ಸರಿಯೇ.

ನಿನ್ನ ಮಗಳು,
ಕೆಹಿಂಡೆ

ಮರೆತ ಮಾತು: ಶುಕ್ರವಾರ ಬೆಳಿಗ್ಗೆ, ಬಸ್ ಸ್ಟ್ಯಾಂಡಿನಿಂದ. ಲಕೋಟೆ ಅಂಟಿಸಿದ್ದೆ, ನಿನ್ನ ಫೋನ್ ಬಂತು, ಮತ್ತೆ ಹರಿದೆ. ಬೀನ್ಸ್ ನೆನೆ ಹಾಕಿದ್ದೀನಿ, ನಾಳೆ ಮೂರು ತಟ್ಟೆ ಇಡ್ತೀನಿ ಅಂದೆ ನೀನು. ಯಾಕಮ್ಮಾ ಮೂರು ಅಂದೆ ನಾನು. "ನಿನಗೊಂದು, ತೈವೊಗೊಂದು, ಇಡೊವುಗೊಂದು. ನೀನು ತಂದು ಬಿಟ್ಟುಹೋದ ಮಗುವನ್ನ ಉಪವಾಸ ಇಡೋಕಾಗುತ್ತೇನೇ? ನಾನು ಇಡೊವು ಅಂತಲೇ ಕರೀತಿದ್ದೀನಿ. ಮೊದಲ ರಾತ್ರೀನೇ ಗೊತ್ತಾಯ್ತು, ಮಲಗಿಸಿದರೆ ಕಣ್ಣು ಮುಚ್ಚಲ್ಲ ಅದು. ಕೊನೆಗೂ ಅಕ್ಕನಿಗೆ ತಂಗಿ ಬೇಕಾದಳಲ್ಲ, ಅಲ್ಲಿ ಇಬ್ಬರೂ ಜೊತೇಲಿರಲಿ ಅಂತ ಸುಮ್ಮನಿದ್ದೆ" ಅಂತ ನೀನು ನಕ್ಕೆ. ಆಮೇಲೆ, "ಅವಳ ಬಟ್ಟೆ ಇಲ್ಲೇ ಬಿಟ್ಟಿದ್ದೀಯಲ್ಲೇ, ಅಲ್ಲಿ ಅವಳಿಗೆ ಚಳಿಯಾಗಲ್ವಾ?" ಅಂದೆ.

ಇಲ್ಲಮ್ಮಾ, ಚಳಿಯಿಲ್ಲ ಅಂದೆ ನಾನು.

ಬಸ್ಸಿನವನು ಕೂಗ್ತಿದ್ದಾನೆ. ಕಾಗದ ಕೊಡ್ತಿದ್ದೀನಿ. ಓದಿದ ಮೇಲೂ ಮೂರು ತಟ್ಟೆ ಇಡೋದಾದರೆ, ಮೊದಲ ಚಮಚ ಅವಳಿಗೇ ಹಾಕು. ನಾನು ಕಾಯ್ತೀನಿ.