ಒಂದು ಸೆಕೆಂಡ್ ಒತ್ತಿ ಹಿಡಿ

ಮಾರ್ಚ್ 3, ಬೆಳಗ್ಗೆ 8.10

ಇವತ್ತೂ ಅರ್ಧ ಲೋಟ ಹಾಲಿಗೆ ಮುಕ್ಕಾಲು ಗಂಟೆ. ಪುಡಿ ಬೆರೆಸಿ ಗಟ್ಟಿ ಮಾಡಿದ್ದರೂ ಅಕ್ಕನಿಗೆ ಎರಡು ಸಲ ನೆತ್ತಿಗೆ ಹತ್ತಿತು. ಬೆನ್ನು ಸವರಿ, ಬಾಯಿ ಒರೆಸಿ, ದಿಂಬು ಏರಿಸಿ... ಭಾವ ಗ್ಯಾರೇಜಿಗೆ ಹೊರಟಿದ್ದರು. ಅವಳಿಗೆ ಏನೋ ಹೇಳಬೇಕಿತ್ತು, ಕಣ್ಣಲ್ಲೇ ಗೊತ್ತಾಯ್ತು. ಫೋನ್ ತೊಡೆ ಮೇಲಿಟ್ಟೆ. ಬೆರಳು ಇಟ್ಟಳು. ಫೋನ್ ಮಾತಾಡಿತು – "ನೀರು. ಟಿವಿ. ನೀರು. ನೋವು. ಕಿಟಕಿ."

"ನೋವಾ? ಎಲ್ಲಿ?" ಭಾವ ಚಪ್ಪಲಿ ಬಿಟ್ಟು ಒಳಗೆ ಓಡಿಬಂದರು.

ಅಕ್ಕ ಕಣ್ಣು ಮುಚ್ಚಿಕೊಂಡಳು. ನೋವೂ ಇಲ್ಲ ಏನೂ ಇಲ್ಲ. ಮುಖಕ್ಕೆ ಬಿಸಿಲು ಬೀಳ್ತಿತ್ತು, ಕಿಟಕಿ ಮುಚ್ಚಬೇಕಿತ್ತು. ಆ ಚಿತ್ರದ ತನಕ ಹೋಗುವ ದಾರಿಯಲ್ಲಿ ನಡುಗುವ ಬೆರಳು ಸಿಕ್ಕಿದ್ದನ್ನೆಲ್ಲ ಮುಟ್ಟಿತು, ಅಷ್ಟೆ.

ಇಪ್ಪತ್ತೆಂಟು ವರ್ಷ ಹೊಲಿಗೆ ಮೆಷಿನ್ ತುಳಿದವಳು. ಸೂಜಿಗೆ ದಾರ ಪೋಣಿಸೋಕೆ ಕನ್ನಡಕ ಬೇಕಿಲ್ಲ ಅಂತ ಜಂಬ ಕೊಚ್ಚುತ್ತಿದ್ದವಳು. ತಲೆಯೊಳಗಿನ ಗಡ್ಡೆ ಮೊದಲು ಮಾತು ತಗೊಂಡಿತು, ಆಮೇಲೆ ಬಲಗೈ. ಈಗ ಅಕ್ಷರ ಜೋಡಿಸೋಕಾಗಲ್ಲ. ತಲೆಯಾಡಿಸೋದನ್ನ ನಂಬೋ ಹಾಗಿಲ್ಲ – ಕಾಫಿ ಬೇಕಾ ಅಂದರೂ ಆಡಿಸ್ತಾಳೆ, ಬೇಡವಾ ಅಂದರೂ ಆಡಿಸ್ತಾಳೆ. ಚಿತ್ರ ಮಾತ್ರ ಸರಿಯಾಗಿ ಗುರುತಿಸ್ತಾಳೆ. ಅದಕ್ಕೇ ಈ ಆ್ಯಪ್ – ಮಾತುಹಲಗೆ. ಚಿತ್ರ ಮುಟ್ಟಿದರೆ ಫೋನ್ ಹೇಳುತ್ತೆ.

ಪ್ರೆಸ್ಸಿಗೆ ಲೇಟಾಯ್ತು.

ಮಾರ್ಚ್ 5, ಪ್ರೆಸ್, ಊಟದ ಬಿಡುವು

ಮಾತುಹಲಗೆ ಓಪನ್ ಸೋರ್ಸ್ ಅಂತೆ. ಕೋಡ್ ಎಲ್ಲರಿಗೂ ತೆರೆದಿಟ್ಟಿದ್ದಾರೆ, ಬೇಕಾದವರು ತಿದ್ದಬಹುದು. "ನಡುಗುವ ಕೈಗೆ ಏನಾದರೂ ಮಾಡಿ" ಅಂತ ಎರಡು ವರ್ಷದ ಹಿಂದೆಯೇ ಯಾರೋ ಕೇಳಿದ್ದಾರೆ. ಕೆಳಗೆ ಉತ್ತರ – "ಒಳ್ಳೆಯ ಸಲಹೆ. ನನಗೆ ಸಮಯವಿಲ್ಲ. ಯಾರಾದರೂ ಮಾಡಿದರೆ ಸೇರಿಸಿಕೊಳ್ಳುತ್ತೇನೆ." ಯಾರೂ ಮಾಡಿಲ್ಲ. ಉತ್ತರ ಬರೆದವರೇ ಅದನ್ನು ನೋಡಿಕೊಳ್ಳುವವರು. ಹೆಸರಿಲ್ಲ, ಫೋಟೋ ಜಾಗದಲ್ಲಿ ಆಮೆ. ಗಂಡೋ ಹೆಣ್ಣೋ ಗೊತ್ತಿಲ್ಲ. ನನಗೆ ಆಮೆ.

ಪುಟ ಜೋಡಿಸೋ ಕೆಲಸ ಬೇಗ ಮುಗಿಸೋಕೆ ಅಂತ ಸಣ್ಣಪುಟ್ಟ ಸ್ಕ್ರಿಪ್ಟ್ ಬರೆದುಕೊಂಡಿದ್ದು ಬಿಟ್ಟರೆ ನನಗೇನು ಬರುತ್ತೆ? ಆದರೂ ಫೋರ್ಕ್ ಬಟನ್ ಒತ್ತಿದೆ. ಇಡೀ ಪ್ರಾಜೆಕ್ಟಿನ ನಕಲು ನನ್ನ ಖಾತೆಗೆ ಬಂದು ಕೂತಿತು. ಯಾರೂ ಬೈಯಲಿಲ್ಲ.

ಮಾರ್ಚ್ 8

ಅಕ್ಕನಿಗೆ ತಿಳಿಸಿ ಹೇಳಿದೆ. "ನೀನು ಪೇಪರ್ ಮೇಲೆ ಅಳತೆ ಕತ್ತರಿಸಿ ಇಟ್ಕೊಳ್ತಿದ್ದೆಯಲ್ಲ, ಹಾಗೆ. ಮೂಲ ಪೇಪರಿಗೇ ಕತ್ತರಿ ಹಾಕಿದರೆ ಎಲ್ಲರ ಬಟ್ಟೆಯೂ ಹಾಳು. ಅದಕ್ಕೇ ಇನ್ನೊಂದು ಪೇಪರಿಗೆ ಇಳಿಸ್ಕೊಂಡೆ, ಅದು ಫೋರ್ಕ್. ಅದರಲ್ಲೂ ತೋಳಿನ ತುಂಡನ್ನ ಮಾತ್ರ ಬೇರೆ ಮಾಡಿ ತಿದ್ದುತಿದ್ದೀನಿ, ಅದು ಬ್ರಾಂಚ್. ತೋಳು ಸರಿಯಾಗಿ ಕೂತರೆ ಅವರಿಗೆ ತೋರಿಸಿ, ನಿಮ್ಮದಕ್ಕೆ ಜೋಡಿಸ್ಕೊಳ್ಳಿ ಅಂತೀನಿ."

ಎಡಗಡೆ ಹುಬ್ಬು ಏರಿಸಿದಳು. ನಾನು ಸೊಟ್ಟ ಹೊಲಿಗೆ ಹಾಕಿ ತಂದು ತೋರಿಸಿದಾಗ ಏರುತ್ತಿದ್ದ ಹುಬ್ಬು.

ಮಾರ್ಚ್ 16, ಭಾನುವಾರ

ಆಯ್ತು. ಈಗ ಚಿತ್ರದ ಮೇಲೆ ಬೆರಳು ಒಂದು ಸೆಕೆಂಡ್ ನಿಂತರೆ ಮಾತ್ರ ಮಾತು. ದಾರಿಯಲ್ಲಿ ಸವರಿದ್ದಕ್ಕೆಲ್ಲ ಬಾಯಿ ಬಿಡಲ್ಲ. ನನ್ನ ಬ್ರಾಂಚಿನದನ್ನೇ ಅಕ್ಕನ ಫೋನಿಗೆ ಹಾಕಿದೆ.

ಭಾವ ಎದುರಿಗೆ ಕೂತು ವಾರ್ತೆ ನೋಡ್ತಿದ್ದರು. ಅಕ್ಕನ ಬೆರಳು ಹೊರಟಿತು, ಅಲೆಯಿತು, ನಿಂತಿತು. "ಟಿವಿ." ಮತ್ತೆ ಹೊರಟಿತು. "ನಿಲ್ಲಿಸು."

ಭಾವ ಟಿವಿ ಆರಿಸಿದರು. "ಇಷ್ಟು ತಿಂಗಳು ಸುಮ್ಮನೆ ಸಹಿಸ್ಕೊಂಡಿದ್ದೆಯಾ?"

"ಹೌದು," ಅಂದಿತು ಫೋನ್.

ಅರ್ಧ ತುಟಿಯಲ್ಲಿ ನಕ್ಕಳು. ಭಾವನಿಗೆ ನಗು ತಡೆಯೋಕಾಗಲಿಲ್ಲ. ನಾನು ಅಡುಗೆಮನೆಗೆ ಹೋಗಿ ಅತ್ತೆ.

ಪುಲ್ ರಿಕ್ವೆಸ್ಟ್ ಕಳಿಸಿದೆ – ಮನೆಯವರೊಬ್ಬರಿಗಾಗಿ ಮಾಡಿದ್ದು, ನನ್ನ ಬ್ರಾಂಚಿನ ಬದಲಾವಣೆ ನೋಡಿ, ಸರಿಯಿದ್ದರೆ ಸೇರಿಸಿಕೊಳ್ಳಿ ಅಂತ. ಆಮೆ ಇನ್ನೂ ನೋಡಿಲ್ಲ. ಆಮೆ ತಾನೆ.

ಮಾರ್ಚ್ 24, ಆಸ್ಪತ್ರೆಯಿಂದ ಬಂದ ಮೇಲೆ

ಮೂರು ದಿನ ಜ್ವರ. ನುಂಗಿದ್ದು ಶ್ವಾಸಕೋಶಕ್ಕೆ ಇಳೀತಿದೆ ಅಂದರು ಡಾಕ್ಟರ್. ಇನ್ನು ಬಾಯಿಂದ ಕೊಡೋದು ಅಪಾಯ, ತೀರ್ಮಾನ ಆಗೋ ತನಕ ಚಮಚ ಚಮಚ ಮಾತ್ರ. ಹೊಟ್ಟೆಗೆ ತೂತು ಮಾಡಿ ನಳಿಕೆ ಹಾಕಬಹುದು. ಹಾಕಿದರೆ ಎರಡು ತಿಂಗಳೋ ಮೂರೋ ಹೆಚ್ಚು ಸಿಗಬಹುದು. ಗಡ್ಡೆ ಮಾತ್ರ ನಿಲ್ಲಲ್ಲ.

"ಅವರನ್ನೇ ಕೇಳೋಕಾಗುತ್ತಾ?"

ಆಗುತ್ತೆ ಅಂದೆ. ಹೆಮ್ಮೆಯಿಂದಲೇ ಅಂದೆ. ಫೋನ್ ಹಿಡಿದೆ. ಡಾಕ್ಟರ್ ಮಂಚದ ಅಂಚಿನಲ್ಲಿ ಕೂತು, ತಮ್ಮ ಹೊಟ್ಟೆ ಮೇಲೆ ಬೆರಳಿಟ್ಟು ನಿಧಾನವಾಗಿ ವಿವರಿಸಿದರು. ನಳಿಕೆ ಇದ್ದರೆ ಹೀಗೆ, ಇಲ್ಲದಿದ್ದರೆ ಹೀಗೆ. ಅಕ್ಕ ಅವರ ಮುಖವನ್ನೇ ನೋಡ್ತಿದ್ದಳು.

"ಬೇಡ," ಅಂದಿತು ಫೋನ್.

ಕಾರಿಡಾರಿನಲ್ಲಿ ಭಾವ – "ಕೈ ತಗುಲಿರಬೇಕು. ಬೇಡ ಅನ್ನೋದು ಕೆಳಗಿನ ಮೂಲೆಯಲ್ಲಿದೆ. ಅವಳ ಕೈ ಯಾವಾಗಲೂ ಬಿದ್ದಿರೋದೇ ಅಲ್ಲಿ."

"ಸುಮ್ಮನೆ ತಗುಲಿದರೆ ಮಾತಾಡಲ್ಲ ಭಾವ. ನಾನೇ ಬರೆದಿದ್ದು."

"ಯಂತ್ರ ಅಂದದ್ದಕ್ಕೆ ನನ್ನ ಹೆಂಡತೀನ ಉಪವಾಸ ಹಾಕಲಾ?"



ಮಾರ್ಚ್ 27, ಪ್ರೆಸ್

ಆಮೆ ಕೋಡ್ ಓದಿದೆ. ಒಂದೊಂದು ಸಾಲೂ ಓದಿದೆ. "ಚೆನ್ನಾಗಿದೆ. ಆದರೆ ಒಂದು ದೋಷವಿದೆ. ಬೆರಳು ಚಿತ್ರವನ್ನು ಮುಟ್ಟಿ, ಹಲಗೆಯ ಅಂಚಿನಿಂದ ಆಚೆ ಜಾರಿದರೆ ನಿಮ್ಮ ಟೈಮರ್ ನಿಲ್ಲುತ್ತಿಲ್ಲ. ಸೆಕೆಂಡ್ ಮುಗಿದ ಕೂಡಲೇ ಮಾತಾಡಿಬಿಡುತ್ತದೆ. ಬಳಸುವವರು ಹೇಳದೇ ಇದ್ದದ್ದನ್ನು ನಾವು ಹೇಳಿದಂತಾಗುತ್ತದೆ. ಸರಿಪಡಿಸಿ, ಈ ದೋಷ ಮತ್ತೆ ಬಂದರೆ ಹಿಡಿಯುವ ಪರೀಕ್ಷೆಯನ್ನೂ ಕೋಡಿಗೆ ಸೇರಿಸಿ."

ನನ್ನ ಫೋನಿನಲ್ಲೇ ಮಾಡಿ ನೋಡಿದೆ. ಕೆಳಗಿನ ಮೂಲೆ. ಬೇಡ. ಮುಟ್ಟಿ ಆಚೆ ಜಾರಿಸಿದೆ. ಕೈ ತೆಗೆದು ಮಡಿಲಲ್ಲಿಟ್ಟುಕೊಂಡೆ.

"ಬೇಡ."

ಪಕ್ಕದ ಮೇಜಿನವರು ತಿರುಗಿ ನೋಡಿದರು.

ಸಂಜೆ ಭಾವನಿಗೆ ಹೇಳಿದೆ. ನನ್ನ ಕೈ ಹಿಡಿದುಕೊಂಡರು. "ನಾನು ಹೇಳಲಿಲ್ವಾ," ಅಂದರು. ವಾರದಿಂದ ಸತ್ತು ಬಿದ್ದಿದ್ದ ಮುಖಕ್ಕೆ ಜೀವ ಬಂತು. ಬೈಗುಳ ಬರುತ್ತೆ ಅಂದುಕೊಂಡಿದ್ದೆ... ನನಗೂ ಖುಷಿಯಾಯ್ತು. ನನ್ನ ತಪ್ಪಿಗೆ ನಾನೇ ಖುಷಿಪಟ್ಟೆ. ಇಲ್ಲಿ ಬಿಟ್ಟರೆ ಇನ್ನೆಲ್ಲಿ ಬರೆಯಲಿ.

ಏಪ್ರಿಲ್ 1

ಸರಿಪಡಿಸಿಲ್ಲ. ಎರಡೇ ಸಾಲು. ಯಾವ ಎರಡು ಸಾಲು ಅಂತಲೂ ಗೊತ್ತು. ಐದು ದಿನ ಆಯ್ತು.

ಭಾವ ನಳಿಕೆಗೆ 7ನೇ ತಾರೀಕು ಗೊತ್ತು ಮಾಡಿ ಬಂದಿದ್ದಾರೆ. ಅದಕ್ಕೆ ಮೊದಲು ಇನ್ನೊಮ್ಮೆ ಅವರನ್ನೇ ಕೇಳಿ ಅಂದರಂತೆ ಡಾಕ್ಟರ್. ಕೋಡ್ ಸರಿ ಮಾಡಿದರೆ ಕೇಳಬೇಕು. ಕೇಳಿದರೆ ಹೇಳ್ತಾಳೆ. ಕೆಟ್ಟೇ ಇರಲಿ... ಕೆಟ್ಟಿರೋ ತನಕ ಅವಳು ಬೇಡ ಅಂದಿಲ್ಲ.

ಆಮೆ ಬರೆದಿದೆ – "ಸಹಾಯ ಬೇಕಾದರೆ ಹೇಳಿ. ಅವಸರವಿಲ್ಲ."

ಏಪ್ರಿಲ್ 2, ಬೆಳಗ್ಗೆ

"ನೋವು" ಅಂದಿತು ಫೋನ್. ಓಡಿದೆ. ತಲೆಯಾ, ಬೆನ್ನಾ, ಹೊಟ್ಟೆಯಾ ಅಂತ ಎಲ್ಲ ಒತ್ತಿ ನೋಡಿದೆ. ಅವಳು ಸುಮ್ಮನೆ ನನ್ನ ನೋಡಿದಳು. ಬೆರಳು ಅಂಚಿನಿಂದ ಆಚೆ ಜಾರಿತ್ತು. ಆಮೇಲೆ ಅಂಗೈಯಿಂದ ಫೋನನ್ನ ತಳ್ಳಿದಳು. ನೆಲಕ್ಕೆ ಬಿತ್ತು. ಎತ್ತಿ ಕೊಟ್ಟೆ. ಮತ್ತೆ ತಳ್ಳಿದಳು.

ಅಮ್ಮ ಹೋದಾಗ ನನಗೆ ಒಂಬತ್ತು, ಅವಳಿಗೆ ಹತ್ತೊಂಬತ್ತು. ನನ್ನ ಪರವಾಗಿ ಊರೆಲ್ಲ ಜಗಳ ಆಡಿದವಳು. ಅವಳ ಬಾಯಿಗೆ ಸುಳ್ಳು ತುರುಕಿ ಕೂತಿದ್ದೀನಿ.

ಪ್ರೆಸ್ಸಿಗೆ ರಜೆ ಹೇಳಿ, ಮಂಚದ ಪಕ್ಕದಲ್ಲೇ ಕೂತು ಸರಿಪಡಿಸಿದೆ. ಎರಡು ಸಾಲು. ಇಪ್ಪತ್ತು ನಿಮಿಷ. ಆಮೆ ಕೇಳಿದ ಪರೀಕ್ಷೆಯ ಕೋಡನ್ನೂ ಬರೆದೆ. ಬ್ರಾಂಚಿಗೆ ಸೇರಿಸಿ ಕಳಿಸಿದೆ. ಅವಳ ಫೋನಿಗೂ ಹಾಕಿದೆ.

ಏಪ್ರಿಲ್ 3

ಡಾಕ್ಟರ್ ಫೋನಿನಲ್ಲೇ ಹೇಳಿಕೊಟ್ಟರು – ಚಿತ್ರಗಳ ಜಾಗ ಬದಲಿಸಿ ಕೇಳಿ, ಬೇರೆ ಬೇರೆ ಹೊತ್ತಲ್ಲಿ ಕೇಳಿ.

ಬೆಳಗ್ಗೆ. ಬೇಡ ಅನ್ನೋದನ್ನ ಮೇಲಿನ ಸಾಲಿಗೆ ಹಾಕಿದೆ. ನಾನು ಕೇಳಿದೆ. ಬೆರಳು ಹಳೇ ಮೂಲೆಗೆ ಹೋಯ್ತು. ಅಲ್ಲಿ ಬೇಕು ಇತ್ತು. ನಿಲ್ಲಲಿಲ್ಲ. ಹುಡುಕಿಕೊಂಡು ಮೇಲೆ ಹತ್ತಿತು. ಹತ್ತೋಕೆ ಎಷ್ಟು ಹೊತ್ತು... ನಿಂತಿತು.

"ಬೇಡ."

"ನಾನು ಕೇಳ್ತೀನಿ," ಅಂದರು ಭಾವ. ಮಧ್ಯಾಹ್ನ ಮತ್ತೆ ಜಾಗ ಬದಲಿಸಿದೆ. ಕೈಯ ಗ್ರೀಸ್ ಉಜ್ಜಿ ತೊಳೆದು ಬಂದು ಮಂಚದ ಪಕ್ಕ ಮಂಡಿಯೂರಿದರು. "ನೋಡು, ಎರಡು ತಿಂಗಳು. ನಿನಗೆ ಬೇಡದಿದ್ದರೂ ನನಗೋಸ್ಕರ."

ಅಕ್ಕ ಬಹಳ ಹೊತ್ತು ಅವರನ್ನ ನೋಡಿದಳು. ಬೇಕು ಮೇಲೆ ಬೆರಳಿಟ್ಟಳು. ಅರ್ಧ ಸೆಕೆಂಡ್ ಇರಬಹುದು. ತೆಗೆದಳು.

"ಬೇಡ."

ಏಪ್ರಿಲ್ 4

ಮೂರನೇ ಸಲ. ಬೇಡ. ಆಮೇಲೆ ಕೇಳದೇ ಇನ್ನೆರಡು ಒತ್ತಿದಳು, ನನ್ನ ಕಡೆ ನೋಡುತ್ತಾ. "ನೀನು. ಊಟ."

ನೀನು ಊಟ ಮಾಡಿದೆಯಾ ಅಂತಲೋ, ಅಷ್ಟು ಬೇಕಿದ್ದರೆ ನೀನೇ ಹಾಕಿಸ್ಕೊಂಡು ಊಟ ಮಾಡು ಅಂತಲೋ. ಎರಡೂ ಅವಳೇ. ಭಾವ ನಗೋಕೆ ಹೋಗಿ, ಆಗದೆ, ಎದ್ದು ಹಿತ್ತಲಿಗೆ ಹೋದರು. ವಾಪಸ್ ಬಂದು ಆಸ್ಪತ್ರೆಗೆ ಫೋನ್ ಮಾಡಿ ಹೇಳಿದರು – "7ಕ್ಕೆ ನಾವು ಬರಲ್ಲ. ಅವಳಿಗೆ ಬೇಡವಂತೆ."

ಏಪ್ರಿಲ್ 14

ಚಮಚದಲ್ಲಿ ತುಟಿ ಒದ್ದೆ ಮಾಡೋದು, ಅಷ್ಟೆ. ಜ್ವರ ಬಿಟ್ಟಿಲ್ಲ. ಇವತ್ತು ಫೋನ್ ಮುಟ್ಟಲಿಲ್ಲ. ಬ್ಯಾಟರಿ ಪೂರ್ತಿ ಇದೆ.

ಏಪ್ರಿಲ್ 29

ಅಕ್ಕ ಹೋಗಿ ಹನ್ನೊಂದು ದಿನ. ಶುಕ್ರವಾರ ಬೆಳಗ್ಗೆ. ನಾನು ಟವೆಲ್ ಮಡಚ್ತಿದ್ದೆ, ಭಾವ ಅವಳ ಕೂದಲು ಬಾಚ್ತಿದ್ದರು. "ಇವಳು ಉಸಿರು..." ಅಂದರು. ಬಾಚಣಿಗೆ ಕೂದಲಲ್ಲೇ ಇತ್ತು.

ಮೇ 6

ಆಮೆ ನನ್ನ ಬ್ರಾಂಚನ್ನ ಮರ್ಜ್ ಮಾಡಿದೆ. "ಸೇರಿಸಿದ್ದೇನೆ. ತಡವಾಯ್ತು, ಕ್ಷಮಿಸಿ. ಮುಂದಿನ ಆವೃತ್ತಿಯಲ್ಲಿ ಎಲ್ಲರಿಗೂ ಸಿಗುತ್ತದೆ. ನಿಮ್ಮ ಮನೆಯವರಿಗೆ ಅನುಕೂಲವಾಯ್ತೇ?"

ಏನೇನೋ ಟೈಪ್ ಮಾಡಿ ಅಳಿಸಿದೆ. ಕೊನೆಗೆ "ಆಯ್ತು" ಅಂತ ಕಳಿಸಿದೆ.

ಭಾವನಿಗೆ ಹೇಳಿದೆ. ತಟ್ಟೆ ಮುಂದೆ ಕೂತಿದ್ದರು. "ಹಾಗಾದ್ರೆ ಇನ್ಮೇಲೆ ಯಾರು ಬೇಡ ಅಂದ್ರೂ ಅದು ಬೇಡಾನೇ," ಅಂದರು.

"ಹೌದು ಭಾವ."

"ಒಳ್ಳೇದು." ತಟ್ಟೆ ಪಕ್ಕಕ್ಕೆ ಸರಿಸಿದರು.

ಮೇ 19, ಪ್ರೆಸ್, ಊಟದ ಬಿಡುವು

ಯಾರೋ ಬರೆದಿದ್ದಾರೆ, ಪ್ರಾಜೆಕ್ಟ್ ಪುಟದಲ್ಲಿ. ಅವರ ಅಪ್ಪನ ಕೈ ಇನ್ನೂ ಹೆಚ್ಚು ನಡುಗುತ್ತಂತೆ. ಒತ್ತಿ ಹಿಡಿದಾಗಲೇ ಬೆರಳು ಕುಪ್ಪಳಿಸುತ್ತೆ, ಪ್ರತಿ ಸಲ ಸೆಕೆಂಡ್ ಮೊದಲಿನಿಂದ ಶುರುವಾಗುತ್ತೆ, ಮಾತು ಬರೋದೇ ಇಲ್ಲ. "ಅಪ್ಪ ಅರ್ಧ ಗಂಟೆ ಪ್ರಯತ್ನಪಟ್ಟು ಬಿಟ್ಟುಬಿಡುತ್ತಾರೆ. ಇದನ್ನು ಬರೆದವರು ದಯವಿಟ್ಟು ನೋಡಬಹುದೇ?"

ಬರೆದವಳು ನಾನು.

ಹೊಸ ಬ್ರಾಂಚ್ ತೆಗೆದೆ. ಬೆರಳು ಒಂದು ಕ್ಷಣ ಎದ್ದು ಮತ್ತೆ ಅಲ್ಲೇ ಕೂತರೆ ಲೆಕ್ಕ ಮುಂದುವರಿಯಬೇಕು. ಎಷ್ಟು ಕ್ಷಣ? ಅದು ಯೋಚಿಸಿ ತಿಳಿಯೋದಲ್ಲ, ಕೈ ನೋಡಿ ತಿಳಿಯಬೇಕು. ಎಡಗೈಯಲ್ಲಿ ಒತ್ತಿ ನೋಡಿದೆ. ಕೈ ಅಲುಗಲೇ ಇಲ್ಲ, ಕಲ್ಲಿನ ಹಾಗೆ ನಿಂತಿತು. ಬೇಕಂತಲೇ ನಡುಗಿಸಿದೆ. ಹಾಗಲ್ಲ, ಅವಳದ್ದು ಹಾಗೆ ಇರಲಿಲ್ಲ, ಮೊದಲು ಒಂದು ಸಲ ಮೆಲ್ಲಗೆ ಬಲಕ್ಕೆ ಹೋಗಿ, ಆಮೇಲೆ...