ರಘುವಿನ ಮೊದಲ ಎಡೆ

ಗಾವಡಗೆರೆ,
೧೭-೯-೨೦೨೫, ಬುಧವಾರ

ಪುಟ್ಟಿಯ ಅಪ್ಪನಿಗೆ ಸೌಂದರ್ಯ ಮಾಡುವ ನಮಸ್ಕಾರಗಳು.

ಹೇಗಿದ್ದೀರಿ? ದಿನವೆಲ್ಲ ಶುಂಠಿ ತೊಳೆಯುವ ನೀರಿನಲ್ಲಿ ನಿಂತು ಕಾಲ್ಬೆರಳ ಸಂದಿಯೆಲ್ಲ ಹುಣ್ಣಾಗಿದೆ ಎಂದು ಚೇತನ್‌ಕುಮಾರ್ ಹೇಳಿದ. ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಹಚ್ಚಿಕೊಳ್ಳಿ. ಹಚ್ಚಿಕೊಳ್ಳುವುದಿಲ್ಲ ಎಂದು ಗೊತ್ತು, ಆದರೂ ಹೇಳುವುದು ನನ್ನ ಧರ್ಮ. ಫೋನಿನಲ್ಲಿ ಕಾಲು ಹೇಗಿದೆ ಅಂದರೆ ಹ್ಞೂಂ ಅನ್ನುತ್ತೀರಿ, ಊಟ ಆಯಿತಾ ಅಂದರೂ ಹ್ಞೂಂ, ಯಾವಾಗ ಬರುತ್ತೀರಿ ಅಂದರೆ ಮಾತ್ರ ಲೋಡು ಬಂತು ಎಂದು ಇಟ್ಟುಬಿಡುತ್ತೀರಿ. ಎಚ್.ಡಿ. ಕೋಟೆ ಏನು ಕಾಶಿಯೇ? ಬೆಳಿಗ್ಗೆ ಬಸ್ಸು ಹತ್ತಿದವರು ಬಿಸಿಲೇರುವ ಮೊದಲು ಮನೆಯಲ್ಲಿರುತ್ತಾರೆ. ಅದಕ್ಕೇ ಈ ಕಾಗದ. ಚೇತನ್ ತನ್ನ ಗೂಡ್ಸ್ ಆಟೋದಲ್ಲಿ ಆ ಕಡೆ ಬರುತ್ತಿದ್ದಾನೆ, ನೀವು ಓದಿ ಮುಗಿಸುವ ತನಕ ಎದುರಿಗೇ ನಿಂತಿರಬೇಕೆಂದು ಅವನಿಗೆ ಹೇಳಿ ಕಳಿಸಿದ್ದೇನೆ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅತ್ತೆಯವರ ಮಂಡಿನೋವು ಮಳೆ ಬಂದರೆ ಹೆಚ್ಚು, ಬಿಸಿಲು ಬಂದರೆ ಕಡಿಮೆ, ಸೊಸೆ ಎದುರಿಗೆ ಬಂದರೆ ವಿಪರೀತ. ಹೊಗೆಸೊಪ್ಪು ಈ ಸಲ ಚೆನ್ನಾಗಿ ಬಂದಿದೆ. ಸೊಪ್ಪು ಒಣಗಿಸುವ ಬ್ಯಾರನ್ನಿನ ಒಲೆ ಆರಬಾರದು, ಉರಿ ಜಾಸ್ತಿಯೂ ಆಗಬಾರದು ಎಂದು ಮಾವನವರು ಅದರ ಮುಂದೆಯೇ ಮಂಚ ಹಾಕಿಕೊಂಡಿದ್ದಾರೆ. ನಾನು ಸೊಪ್ಪು ಕೋಲಿಗೆ ಕಟ್ಟುತ್ತಿದ್ದೇನೆ. ಕೈಗೆ ಹಿಡಿದ ಕರಿ ಅಂಟು ಯಾವ ಸೋಪಿಗೂ ಹೋಗುವುದಿಲ್ಲ. ಅವ್ವನ ಕೈ ಅನ್ನ ಕಹಿ ಎಂದು ಪುಟ್ಟಿ ಅಜ್ಜಿಯ ಕೈಯಲ್ಲೇ ಉಣ್ಣುತ್ತಾಳೆ. ಶನಿವಾರದಿಂದ ಅವಳಿಗೆ ದಸರಾ ರಜೆ. ಅಪ್ಪ ಬಂದರೆ ರಜೆ, ಇಲ್ಲದಿದ್ದರೆ ಬರೀ ಸ್ಕೂಲಿಲ್ಲ ಅಷ್ಟೆ ಅನ್ನುತ್ತಾಳೆ. ಬಾಯಿ ಥೇಟ್ ನಿಮ್ಮದೇ.

ಭಾನುವಾರ ಅಮಾವಾಸ್ಯೆ, ಪಕ್ಷದ ಹಬ್ಬ. ನಮ್ಮ ಮನೆಯಲ್ಲಿ ಪ್ರತಿ ವರ್ಷದಂತೆ ಹಿರಿಯರಿಗೆ ಎಡೆ ಇಡುತ್ತೇವೆ. ಪುಟ್ಟತಾಯಮ್ಮನ ಮನೆಯಲ್ಲಿ ಅವಳ ಮಗ ರಘುವಿಗೆ ಮೊದಲ ಎಡೆ. ನೀವು ಅದಕ್ಕೆ ಬರುತ್ತೀರೋ ಇಲ್ಲವೋ, ನನಗೆ ಗೊತ್ತಾಗಬೇಕಾಗಿರುವುದು ಅದೊಂದೇ. ಮಿಕ್ಕಿದ್ದೆಲ್ಲ ಊರ ಸುದ್ದಿ, ಆದರೂ ಬರೆಯುತ್ತೇನೆ.

ಹೋದ ಭಾನುವಾರ ಚೆಲುವರಾಜು ಡೈರಿಯಲ್ಲಿ ಹಾಲು ಅಳೆದು ಮುಗಿಸಿ ಬಂದ, ಚೇತನ್‌ಕುಮಾರನೂ ಬಂದ. ನಮ್ಮ ಜಗಲಿಯನ್ನು ಅವರು ಬಿಡಲಿಲ್ಲ, ನೀವಿಲ್ಲದಿದ್ದರೂ ಬರುತ್ತಾರೆ. ನಾಲ್ಕು ಜನ ಆಡುತ್ತಿದ್ದ ಇಸ್ಪೀಟು ಇಬ್ಬರಿಗೆ ಸಾಗುವುದಿಲ್ಲವೆಂದು ಮಾವನವರನ್ನೂ ಕೂರಿಸಿಕೊಂಡರು. ಮಾವನವರು ಎಲೆ ಕದಿಯುತ್ತಾರೆ, ಇಬ್ಬರಿಗೂ ಗೊತ್ತಿದೆ, ಹೇಳುವ ಧೈರ್ಯವಿಲ್ಲ. ರಘುವಿನ ಎಡೆಗೆ ಏನೇನು ಇಡಬೇಕೆಂದು ಮಾತು ಬಂತು. ವಡೆ, ಕಜ್ಜಾಯ, ಮಟನ್ ಸಾರು ಎಲ್ಲರಿಗೂ ಇಡುತ್ತಾರೆ, ಅವನಿಗೆ ಬಸ್ ಸ್ಟ್ಯಾಂಡಿನ ಗೋಬಿ ಇಡದಿದ್ದರೆ ಎದ್ದು ಬಂದು ಬೈಯುತ್ತಾನೆ ಎಂದು ಚೆಲುವರಾಜು ಹೇಳಿದ. ಗೋಬಿಯನ್ನು ಕಾಗೆ ಮುಟ್ಟುವುದಿಲ್ಲ, ಕಾಗೆ ಮುಟ್ಟದಿದ್ದರೆ ಊರವರು ಏನು ತಿಳಿದುಕೊಳ್ಳುತ್ತಾರೆ ಎಂದು ಚೇತನ್ ತಕರಾರು ತೆಗೆದ. ಬೆಂಕಿಪೊಟ್ಟಣ ಇಡುವುದನ್ನು ಮರೆಯಬಾರದು, ಬದುಕಿರುವ ತನಕ ಒಂದು ದಿನವೂ ಸ್ವಂತದ್ದು ಇಟ್ಟುಕೊಂಡವನಲ್ಲ ಎಂದರು. ನಗುತ್ತಲೇ ಹೇಳಿದರು. ನಾನು ಒಳಗೆ ಬೆಳ್ಳುಳ್ಳಿ ಬಿಡಿಸುತ್ತಾ ಕೇಳುತ್ತಿದ್ದೆ. ಇಬ್ಬರೂ ನಗುವುದನ್ನು ಯಾರೋ ಹೇಳಿ ಮಾಡಿಸುತ್ತಿರುವ ಹಾಗಿತ್ತು.

ಆಮೇಲೆ ಹಳೆಯ ಕಥೆ ತೆಗೆದರು. ನೀವು ನಾಲ್ವರೂ ಆರನೇ ಕ್ಲಾಸಿನಲ್ಲಿದ್ದಾಗ ನಮ್ಮ ಮನೆಯ ಎಡೆ ಕದ್ದದ್ದು. ದೊಡ್ಡವರೆಲ್ಲ ಎಡೆ ಇಟ್ಟು, ಧೂಪ ಹಾಕಿ, ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಹೊರಗೆ ಕೂತಿದ್ದರಂತೆ. ರಘು ಹಿತ್ತಲ ಕಡೆ ಹೆಂಚು ಸರಿಸಿ ಒಳಗಿಳಿದು ವಡೆ, ಕಜ್ಜಾಯ ಎಲ್ಲ ಪಂಚೆಯಲ್ಲಿ ಕಟ್ಟಿ ಮೇಲಕ್ಕೆ ಕೊಟ್ಟನಂತೆ. ಬಾಗಿಲು ತೆಗೆದು ನೋಡಿದರೆ ಎಲೆ ಖಾಲಿ. ನಿಮ್ಮಜ್ಜಿ ಕೈಮುಗಿದು, ಅಷ್ಟು ವರ್ಷವಾದ ಮೇಲೆ ಯಜಮಾನರಿಗೆ ನನ್ನ ಅಡಿಗೆ ಹಿಡಿಸಿತಲ್ಲ ಎಂದು ಕಣ್ಣೀರು ಹಾಕಿದರಂತೆ. ಮರುವರ್ಷದಿಂದ ಎರಡರಷ್ಟು ಮಾಡುತ್ತಿದ್ದರಂತೆ. ನೀವು ಇದನ್ನು ನನಗೆ ಮದುವೆಯಾದ ಹೊಸದರಲ್ಲಿ ಹೇಳಿ ನಗಿಸಿದ್ದಿರಿ. ಈಗ ಮತ್ತೆ ಕೇಳಿದೆ. ನಗು ಎಲ್ಲಿಂದ ಶುರುವಾಗಬೇಕೋ ಆ ಜಾಗ ಮರಗಟ್ಟಿದೆ, ಹಲ್ಲು ಕೀಳಿಸಿದ ಮೇಲಿನ ದವಡೆಯ ಹಾಗೆ.

ಅಲ್ಲಿಗೆ ಕಥೆ ನಿಲ್ಲಿಸಿ ಇಬ್ಬರೂ ಇಸ್ಪೀಟಿನ ಎಲೆ ಜೋಡಿಸತೊಡಗಿದರು. ಮುಂದಿನ ಕಥೆ ಯಾವುದು ಎಂದು ಇಬ್ಬರಿಗೂ ಗೊತ್ತು. ರಘು ಸತ್ತ ಹಾಗೆ ಮಲಗುವ ಕಥೆ. ಲೆಕ್ಕದ ಟೆಸ್ಟಿನ ದಿನ ಸ್ಕೂಲಿನಲ್ಲಿ ಮಲಗಿದ್ದು, ಚೇತನ್ ಮದುವೆಯ ಬೀಗರ ಊಟದಲ್ಲಿ ಮಲಗಿ ಹೆಣ್ಣಿನ ಸೋದರತ್ತೆ ಮೂರ್ಛೆ ಹೋಗಿದ್ದು. ಕಚಗುಳಿ ಇಟ್ಟರೂ ಅಲುಗುತ್ತಿರಲಿಲ್ಲ ಆಸಾಮಿ. ಅವನು ಮಲಗಿದ ಕೂಡಲೇ ನೀವು ತಲೆಗೆ ಟವೆಲ್ಲು ಹೊದ್ದು ತಲೆದೆಸೆಯಲ್ಲಿ ಕೂರಬೇಕು, ಅವನವ್ವನ ಹಾಗೆಯೇ ಅಳಬೇಕು. ಪುಟ್ಟತಾಯಮ್ಮ ಊರಿನ ಯಾವ ಸಾವಿನ ಮನೆಗೆ ಹೋದರೂ, ಸತ್ತವರ ಹೆಸರು ಹಿಡಿದು, ಗುಣ ಒಂದೊಂದನ್ನೇ ಹೇಳಿ, ರಾಗವಾಗಿ ಅತ್ತ ಮೇಲಲ್ಲವೇ ಚಟ್ಟ ಎತ್ತುತ್ತಿದ್ದದ್ದು. ಆ ರಾಗ, ಆ ಉಸಿರು ಎಳೆಯುವುದು, ಎಲ್ಲ ನಿಮಗೆ ಬರುತ್ತಿತ್ತು. ರಘುವಿನ ಬೈಕು, ಅವನಿಗೆ ಒಪ್ಪದ ಹೆಣ್ಣುಗಳು, ಅವನು ತಿಂದ ಕೋಳಿಗಳು, ಎಲ್ಲವನ್ನೂ ಸೇರಿಸಿ ಅಳುತ್ತಿದ್ದಿರಿ. ಅಳು ಮುಗಿಯುವ ತನಕ ಅವನು ಏಳುವ ಹಾಗಿಲ್ಲ, ಮಧ್ಯೆ ಯಾರೂ ಅವನನ್ನು ಮುಟ್ಟುವ ಹಾಗಿಲ್ಲ. ಅದು ನೀವು ನೀವೇ ಮಾಡಿಕೊಂಡಿದ್ದ ಕಾನೂನು.

ಈ ಸಲದ ವರ್ಷತೊಡಕಿನ ದಿನ ನಮ್ಮ ಜಗಲಿಯಲ್ಲೇ ಅಲ್ಲವೇ ಆದದ್ದು. ಮಟನ್ ಊಟ ಮುಗಿದಿತ್ತು, ಇಸ್ಪೀಟಿನ ಎಲೆ ಹಂಚಿದ್ದಿರಿ, ರಘು ಕೈಯ ಎಲೆ ಕೆಳಗೆ ಹಾಕಿ ಪಕ್ಕಕ್ಕೆ ವಾಲಿದ. ‘ಸತ್ತ ಕಣ್ಲಾ, ಅಳ್ಲಾ ಶಶಿ’ ಎಂದ ಚೆಲುವರಾಜು. ನೀವು ಟವೆಲ್ಲು ಹೊದ್ದಿರಿ. ನಾನು ಅಡಿಗೆಮನೆಯಲ್ಲಿ ಪಾತ್ರೆ ಉಜ್ಜುತ್ತಿದ್ದೆ, ನಲ್ಲಿ ಬಿಟ್ಟಿದ್ದೆ, ಮಾತು ಕೇಳಲಿಲ್ಲ, ರಾಗ ಮಾತ್ರ ಕೇಳಿತು. ನಾನೂ ನಕ್ಕೆ. ಎಲ್ಲರೂ ನಗುತ್ತಿದ್ದರೆಂದು ನೀವು ಅವತ್ತು ಎಳೆದಿರಿ, ಎಂದಿಗಿಂತ ಉದ್ದ ಎಳೆದಿರಿ. ಎದೆ ಬಡಿದುಕೊಳ್ಳುವ ಜಾಗ ಬಂದಾಗ ಕೈಯನ್ನು ಅವನ ಎದೆಯ ಮೇಲಿಟ್ಟಿರಿ. ರಾಗ ಅಲ್ಲಿಗೆ ನಿಂತುಹೋಯಿತು. ನಾನು ನಲ್ಲಿ ನಿಲ್ಲಿಸಿದೆ.

ಹುಣಸೂರಿಗೆ ಒಯ್ದಾಗ ಡಾಕ್ಟರು ಹಾರ್ಟು ಅಂದರು. ಬೇಗ ತಂದಿದ್ದರೆ ಎಂದು ಚೇತನ್ ಕೇಳಿದ್ದಕ್ಕೆ ಹೇಳೋಕಾಗಲ್ಲ ಅಂದರಂತೆ. ಹೇಳಲಾಗುವುದಿಲ್ಲ ಅಂದರೆ ಹೌದೂ ಅಲ್ಲ, ಅಲ್ಲವೂ ಅಲ್ಲ. ನೀವು ಅದನ್ನು ಹೌದು ಎಂದೇ ಇಟ್ಟುಕೊಂಡಿರಿ. ತಿಥಿಯ ಮಾರನೆಯ ದಿನ ಬ್ಯಾಗು ಹಿಡಿದು ಹೊರಟವರು, ಪುಟ್ಟತಾಯಮ್ಮನ ಮನೆಯ ಮುಂದೆ ಹಾಯಬಾರದೆಂದು ಕೆರೆ ಏರಿಯ ಮೇಲೆ ಸುತ್ತಿ ಹೋದಿರಿ. ಅವನವ್ವನನ್ನೇ ಅಣಕಿಸಿಕೊಂಡು ಅವನ ಪ್ರಾಣ ಹೋಗುವ ತನಕ ಕೂತಿದ್ದೆ ಅಂದಿರಲ್ಲ, ಅವತ್ತು ನಿಮಗೆ ಏನು ಹೇಳಬೇಕೋ ನನಗೆ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ. ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಬೆಳಿಗ್ಗೆ ಏಳುತ್ತೇನೆ, ಹಾಲು ಕರೆಯುತ್ತೇನೆ, ಸೊಪ್ಪು ಕಟ್ಟುತ್ತೇನೆ, ಮಲಗುತ್ತೇನೆ. ಯಾರಾದರೂ ಏನಾದರೂ ಹೇಳಿದರೆ ಗೋಡೆಯ ಆಚೆಯಿಂದ ಕೇಳಿದ ಹಾಗೆ ಕೇಳುತ್ತದೆ. ಗೆಳೆಯ ಹೋದ ಅಂದರೆ ನಿಮ್ಮೊಬ್ಬರಿಗೇ ಹೋದನೇ? ನನಗಂತೂ ಅವನ ಜೊತೆ ಗಂಡನೂ ಹೋದ ಹಾಗಾಗಿದೆ. ಇದನ್ನು ಬರೆಯಬಾರದೆಂದುಕೊಂಡಿದ್ದೆ, ಬರೆದಾಯಿತು.

ಪುಟ್ಟತಾಯಮ್ಮನ ವಿಷಯ ಹೇಳಬೇಕು. ಊರಿಗೆಲ್ಲ ಅತ್ತವಳು ಮಗ ಹೋದ ದಿನ ಬಾಯಿ ಬಿಡಲಿಲ್ಲ, ನೀವೇ ನೋಡಿದ್ದೀರಿ. ತಲೆದೆಸೆಯಲ್ಲಿ ಕೂತಳು, ಹಣೆ ಮುಟ್ಟಿದಳು, ಒಂದು ಸೊಲ್ಲೂ ಬರಲಿಲ್ಲ. ಹಾಗೇ ಎತ್ತಿದರು. ಅದಾದ ಮೇಲೂ ಒಂದು ಹನಿ ಇಲ್ಲ. ಹೊಲಕ್ಕೆ ಹೋಗುತ್ತಾಳೆ, ರಾಗಿ ಬೀಸಿಸಿಕೊಂಡು ಬರುತ್ತಾಳೆ, ಎದುರಿಗೆ ಸಿಕ್ಕರೆ ಚೆನ್ನಾಗಿದ್ದೀಯಾ ಎನ್ನುತ್ತಾಳೆ. ಮೊನ್ನೆ ಕೆಳಗಿನ ಬೀದಿಯಲ್ಲಿ ಒಬ್ಬ ಮುದುಕಿ ತೀರಿಕೊಂಡಾಗ ಕರೆಯಲು ಹೋದರು. ‘ನಂಗೆ ಮರ್ತೋಗದೆ ಕಣ್ರಪ್ಪ’ ಎಂದು ಬಾಗಿಲಲ್ಲೇ ನಿಂತು ಕಳಿಸಿಬಿಟ್ಟಳಂತೆ. ಅವತ್ತು ಜಗಲಿಯಲ್ಲಿ ನಡೆದದ್ದನ್ನು ಅವಳ ಕಿವಿಗೆ ಹಾಕಬಾರದೆಂದು ಚೆಲುವರಾಜು, ಚೇತನ್, ನಾನು ಆಣೆ ಮಾಡಿಕೊಂಡಿದ್ದೇವೆ. ಆಟ ಆಡುತ್ತಿದ್ದಾಗ ಬಿದ್ದ ಎಂದಷ್ಟೇ ಹೇಳಿದ್ದೇವೆ. ಆದ್ದರಿಂದ ನೀವು ಅವಳ ಮುಖ ನೋಡಲು ಹೆದರುವ ಕಾರಣವಿಲ್ಲ. ಬಂದು ಒಂದು ಮೂಲೆಯಲ್ಲಿ ನಿಂತು ಕೈಮುಗಿದು ಹೋಗಿ, ಯಾರೂ ಏನೂ ಕೇಳುವುದಿಲ್ಲ. ಎಡೆಯ ದಿನವೂ ನೀವು ಬರದಿದ್ದರೆ ಇನ್ನು ಯಾವತ್ತೂ ಬರುವುದಿಲ್ಲ ಎಂದು ನಾನು ತಿಳಿದುಕೊಳ್ಳುತ್ತೇನೆ. ಹೆದರಿಸಲು ಹೇಳುತ್ತಿಲ್ಲ, ನನಗೆ ಹಾಗೆ ಅನ್ನಿಸುತ್ತಿದೆ.

ಚೇತನ್ ಬೀದಿಯಲ್ಲಿ ಹಾರನ್ ಹೊಡೆಯುತ್ತಿದ್ದಾನೆ. ಈ ಕಾಗದದ ಜೊತೆ ಒಂದು ಡಬ್ಬಿ ಹುರಿಗಾಳು, ನಿಮ್ಮ ದಪ್ಪ ಕಂಬಳಿ ಕಳಿಸಿದ್ದೇನೆ. ಕಂಬಳಿ ಯಾಕೆ ಕಳಿಸಿದೆ, ಬರುವವರಿಗೆ ಕಂಬಳಿ ಯಾಕೆ ಎಂದು ಅತ್ತೆ ಬೈದರು. ಬರದಿದ್ದರೆ ಚಳಿಯಾಗಬಾರದಲ್ಲ. ಮಾವನವರು, ಅತ್ತೆಯವರು ಆಶೀರ್ವಾದ ಹೇಳಿದ್ದಾರೆ, ಪುಟ್ಟಿ ಒಂದು ಮುತ್ತು ಹೇಳಿದ್ದಾಳೆ, ಅದನ್ನು ಚೇತನ್ ಕೈಯಲ್ಲಿ ಕಳಿಸಲಾಗುವುದಿಲ್ಲ. ಎಣ್ಣೆ, ಅರಿಶಿನ ಮರೆಯಬೇಡಿ.

ನಿಮ್ಮ ದಾರಿ ನೋಡುತ್ತಿರುವ,
ಸೌಂದರ್ಯ

ತಾ.ಕ.: ಕಾಗದ ಮಡಿಸುತ್ತಿದ್ದಾಗ ಪುಟ್ಟತಾಯಮ್ಮ ಬಂದಳು, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದ್ದರೆ ಓದಿಕೊಳ್ಳಿ. ಚೇತನ್ ಎಲ್ಲಿಗೆ ಹೊರಟ ಎಂದು ಕೇಳಿದಳು. ಸುಳ್ಳು ಹೇಳಲಾಗಲಿಲ್ಲ, ನಿಮ್ಮ ಹತ್ತಿರ ಅಂದೆ. ಜಗಲಿಯ ಮೇಲೆ ಕೂತಳು. ಅವನು ಬಿದ್ದ ಜಾಗದಲ್ಲೇ ಕೂತಳು. ಅವಳಿಗೆ ಎಲ್ಲ ಗೊತ್ತಂತೆ. ಅವತ್ತು ಸಾಯಂಕಾಲದಿಂದಲೇ ಗೊತ್ತಂತೆ. ‘ಊರಲ್ಲಿ ಯಾವ್ದ ಮುಚ್ಚಿಕ್ಕಕ್ಕಾದದು ಬುಡವ್ವ’ ಅಂದಳು. ನಿಮ್ಮನ್ನು ಬೈಯಲಿಲ್ಲ. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. ‘ಊರಿಗೆಲ್ಲ ಅತ್ತೆ, ನನ್ ಮಗನ್ಗೆ ಅಳಕ್ಕೆ ನಂಗೆ ಬಾಯ್ ಬರ್ನಿಲ್ಲ. ಅವನ ಎಸ್ರು ಇಡ್ಕಂಡು ಅತ್ತೋನು ಅಂದ್ರೆ ಶಶಿ ಒಬ್ನೆಯ. ತಮಾಸೆಗೇ ಆಗ್ಲಿ, ಅತ್ತವ್ನೆ. ಏನೇನ್ ಏಳ್ದ ಅಂತ ಇವತ್ ಒತ್ತಾರೆ ಡೈರೀಲಿ ಚೆಲುವ್ರಾಜನ್ನ ಕೇಳುದ್ರೆ ನೆಪ್ಪಿಲ್ಲ ಅಂದ. ನಂಗೆ ಕೇಳ್ಬೇಕು. ಭಾನ್ವಾರ ಎಡೆ ಇಕ್ಕಿ ಬಾಗ್ಲು ಮುಚ್ಚಕ್ ಮುಂಚೆ ಬಂದು ಏಳಕ್ಕೇಳು. ಅವತ್ತು ಅರ್ಧಕ್ಕೇ ನಿಲ್ಲುಸ್ಬುಟ್ನಂತೆ. ಬಂದು ಮುಗ್ಸಕ್ಕೇಳವ್ವ.’