ದಪ್ಪ ತಂತಿಯ ಚಾನೆಲ್

ಮಾರ್ಚ್ 4, ಬೆಳಿಗ್ಗೆ
ಅಕ್ಕನ ಪಿಟೀಲಿಗೆ ಮಾಡುತ್ತಿರುವ ಡಬ್ಬಿಯಲ್ಲಿ ಮತ್ತೆ ಅದೇ ಗೊಂಯ್ ಸದ್ದು. ಅರ್ತ್ ವೈರ್ ಕಿತ್ತು ಇನ್ನೊಂದು ಕಡೆ ಸೋಲ್ಡರ್ ಮಾಡಿದ ಮೇಲೆ ಬಾಯಿ ಮುಚ್ಚಿತು. ಬೆರಳು ಸುಟ್ಟುಕೊಂಡೆ, ಎಂದಿನಂತೆ.

ಬಲಭುಜ ಸೋಲತೊಡಗಿದಾಗಿನಿಂದ ಅಕ್ಕನಿಗೆ ಹಳೆಯ ಪಿಟೀಲು ಬಗ್ಗುತ್ತಿಲ್ಲ. ಹೊಸದು ತಂದಿದ್ದಾಳೆ. ಅದಕ್ಕೆ ಹೊಟ್ಟೆಯೇ ಇಲ್ಲ, ಬರೀ ಮರದ ತುಂಡು. ವೈರ್ ಸಿಕ್ಕಿಸದಿದ್ದರೆ ಮೂಕ. ತಂತಿಯ ಕಂಪನ ಹಿಡಿಯಲು ನಾಲ್ಕು ತಂತಿಗೆ ನಾಲ್ಕು ಪಿಕಪ್, ಸದ್ದು ಹಿಗ್ಗಿಸಲು ನಾಲ್ಕು ಪ್ರಿ-ಆಂಪ್, ಎಲ್ಲವನ್ನೂ ಸೇರಿಸಲು ಒಂದು ಮಿಕ್ಸರ್. ಪಿಕಪ್ ಬಿಟ್ಟು ಉಳಿದದ್ದನ್ನೆಲ್ಲ ನಾನು ಒಂದು ಡಬ್ಬಿಯಲ್ಲಿ ಕೂರಿಸಿಕೊಡಬೇಕು. "ದಿನಾ ಆಂಪ್ಲಿಫೈಯರ್ ರಿಪೇರಿ ಮಾಡೋಳಿಗೆ ಇದೇನು ಮಹಾ!" ಅವಳಿಗೇನು, ಹೇಳಿ ಹೋದಳು.

ಮಾರ್ಚ್ 9
ಡಬ್ಬಿ ಮುಗಿಯಿತು. ಅಕ್ಕ ಅಂಗಡಿಗೇ ಬಂದು ನುಡಿಸಿದಳು. ಮೂರು ತಂತಿ ಚೆನ್ನ, ದಪ್ಪ ತಂತಿ ಸಪ್ಪೆ. ಅದಕ್ಕೆ ಕಮಾನಿನ ಕೈಯನ್ನು ಎಲ್ಲಕ್ಕಿಂತ ಮೇಲೆತ್ತಬೇಕು. ಅಲ್ಲೇ ಅವಳ ಭುಜ ಕೈಕೊಡುತ್ತದೆ.

ಡಬ್ಬಿಯೊಳಗೆ ಪ್ರತಿ ತಂತಿಗೆ ಒಂದು ಚಾನೆಲ್, ಚಾನೆಲ್‌ಗೊಂದು ಸಣ್ಣ ಗೇನ್ ಸ್ಕ್ರೂ ಇದೆ. ತಿರುಗಿಸಿದರೆ ಆ ತಂತಿಯ ಸದ್ದು ಏರುತ್ತದೆ. ಅವಳು ನೀರು ಕುಡಿಯಲು ಹೋದಾಗ ದಪ್ಪ ತಂತಿಯದನ್ನು ಸ್ವಲ್ಪ ತಿರುಗಿಸಿದೆ. ಬಂದು ಮತ್ತೆ ನುಡಿಸಿದಳು.

"ಏ, ಈಗ ನೋಡೇ! ಕೈ ಪಳಗೋವರೆಗೆ ಹಾಗೆ, ಅಷ್ಟೇ."

ಮುಖ ಅರಳಿತ್ತು. ಹೇಳಲು ಮನಸ್ಸು ಬರಲಿಲ್ಲ.

ಮಾರ್ಚ್ 23, ಸಂಜೆ
ನಿನ್ನೆ ದಪ್ಪ ತಂತಿ ಮತ್ತೆ ಸಪ್ಪೆ... ಇವತ್ತು ಅವಳು ಅಂಗಡಿಗೆ ಅಭ್ಯಾಸಕ್ಕೆ ಬರುವ ಮೊದಲೇ ಸ್ಕ್ರೂ ಮತ್ತೆ ತಿರುಗಿಸಿಟ್ಟೆ. ಗೇನ್ ಏರಿಸಿದರೆ ಸುಂಯ್ ಸದ್ದೂ ಏರುತ್ತದೆ.

"ಏನೇ ಅದು ಸದ್ದು?"

"ಫ್ಯಾನು."

ಚಿಕ್ಕಂದಿನಿಂದ ನನ್ನ ಸುಳ್ಳನ್ನೆಲ್ಲ ಹಿಡಿದವಳು ಇದನ್ನು ಮಾತ್ರ ಹಿಡಿಯಲಿಲ್ಲ.

ಏಪ್ರಿಲ್ 2
ಭಾವ ಅಂಗಡಿಗೆ ಬಂದಿದ್ದರು. "ನಿಮ್ಮಕ್ಕ ಈಗ ಲೋಟಾನೂ ಎಡಗೈಲೇ ಎತ್ತೋದು. ಕೇಳಿದ್ರೆ, ಮೊದಲು ನನ್ನ ಪಿಟೀಲು ಕೇಳಿ, ಆಮೇಲೆ ಮಾತಾಡಿ ಅಂತಾಳೆ. ನಂಗೆ ಪಿಟೀಲೂ ಒಂದೇ, ಬಾಗಿಲು ಕಿರುಗುಟ್ಟೋದೂ ಒಂದೇ!"

ನಕ್ಕೆ. ಅವರು ಹೋದ ಮೇಲೆ ಡಬ್ಬಿ ಬಿಚ್ಚಿದೆ. ಮೂರು ಸ್ಕ್ರೂ ಮೊದಲಿದ್ದಲ್ಲೇ ಇವೆ. ದಪ್ಪ ತಂತಿಯದು ಹೆಚ್ಚುಕಡಿಮೆ ಕೊನೆ ಮುಟ್ಟಿದೆ. ಪಿಕಪ್ ಅದೇ, ತಂತಿ ಅದೇ. ಇಳಿದಿರುವುದು ಅಕ್ಕನ ಕೈಯ ಬಲ.

ಏಪ್ರಿಲ್ 3
ಹೇಳಿಯೇಬಿಡೋಣ ಎಂದು ಅವಳ ಮನೆಗೆ ಹೋದೆ. ಬಾಗಿಲಲ್ಲೇ ಹಿಡಿದಳು.

"ನರದ ಡಾಕ್ಟ್ರಿಗೆ ಬರಲ್ಲ ಅಂತ ಫೋನ್ ಮಾಡ್ಬಿಟ್ಟೆ ಕಣೇ. ಕೈ ವಾಪಸ್ ಬರ್ತಾ ಇದೆ. ಸುಮ್ನೆ ಯಾಕೆ ಇಂಜೆಕ್ಷನ್?"

ಹಿಂದಿನ ಸಲ ಡಾಕ್ಟರ್ ನನ್ನೆದುರೇ ಹೇಳಿದ್ದರು – ಬಲ ಇನ್ನೂ ಇಳಿದರೆ ತಡಮಾಡದೆ ಬನ್ನಿ, ಇಂಜೆಕ್ಷನ್ ಕೊಟ್ಟು ಇರುವಷ್ಟನ್ನು ಉಳಿಸಬಹುದು, ಹೋದದ್ದು ಮರಳುವುದಿಲ್ಲ. ಅಕ್ಕ ನಗುತ್ತಿದ್ದಳು, ಎಷ್ಟೋ ದಿನಗಳ ಮೇಲೆ. ಕಾಫಿ ಕುಡಿದು, ಹೇಳದೆಯೇ ವಾಪಸ್ ಬಂದೆ. ಹೇಡಿ ನಾನು.

ಏಪ್ರಿಲ್ 8
ಕೆಲಸ ಸಾಗುತ್ತಿಲ್ಲ. ಗಿರಾಕಿಯೊಬ್ಬರ ಆಂಪ್ಲಿಫೈಯರ್‌ಗೆ ವೈರ್ ಉಲ್ಟಾ ಕೊಟ್ಟು ಫ್ಯೂಸ್ ಹಾರಿಸಿದೆ. ಕೂತು ಅತ್ತೆ. ಅಕ್ಕನಿಗೆ ಬಾಯಿಬಿಟ್ಟು ಹೇಳಲಾರೆ. ಸ್ಕ್ರೂವನ್ನು ಮೊದಲಿನ ಜಾಗಕ್ಕೆ ತಂದಿಟ್ಟೆ. ಕಿವಿ ಇದೆಯಲ್ಲ ಅವಳಿಗೆ, ತಾನೇ ಕೇಳಿ ತಿಳಿಯಲಿ.

ಏಪ್ರಿಲ್ 9, ಸಂಜೆ
ತಿಳಿಯಲಿಲ್ಲ.

ಮೂರು ತಂತಿ ಮಾತಾಡಿದವು. ದಪ್ಪ ತಂತಿಯಲ್ಲಿ ಬರೀ ಕೆರೆತ. ಅಕ್ಕ ತನ್ನ ಕೈ ಕಡೆ ನೋಡಲೇ ಇಲ್ಲ. ಡಬ್ಬಿಯ ನೆತ್ತಿಗೆ ಎರಡು ತಟ್ಟಿದಳು.

"ಕೆಟ್ಟೋಯ್ತು ನೋಡೇ ನಿನ್ನ ಡಬ್ಬಿ! ಸೋಲ್ಡರ್ ಬಿಟ್ಟಿರ್ಬೇಕು. ಸರಿ ಮಾಡ್ಕೊಂಡು ಬಾ, ಇಲ್ಲೇ ಕೂತಿರ್ತೀನಿ."

ಒಳಗೆ ತಂದು ಮುಚ್ಚಳ ತೆಗೆದು ಕೂತಿದ್ದೇನೆ. ಸೋಲ್ಡರ್ ಎಲ್ಲ ಗಟ್ಟಿಯಾಗಿದೆ. ಸ್ಕ್ರೂಡ್ರೈವರ್ ಪಕ್ಕದಲ್ಲೇ ಇದೆ. ಒಂದಿಷ್ಟು ತಿರುಗಿಸಿದರೆ ಸಾಕು, ನಗುತ್ತಾಳೆ... ಇಲ್ಲ. ಇನ್ನು ಸಾಧ್ಯವಿಲ್ಲ.

"ಆಯ್ತೇನೇ? ಏನಾಗಿತ್ತು ಅದಕ್ಕೆ?"

ಅದಕ್ಕೇನೂ ಆಗಿಲ್ಲ ಅಕ್ಕ, ಡಬ್ಬಿ ಸರಿಯಾಗೇ ಇದೆ. ಹೀಗೆಯೇ ಹೇಳಬೇಕು. ಹೋಗಿ, ಪಕ್ಕದಲ್ಲಿ ಕೂತು, ಅವಳ ಬಲಗೈ ಹಿಡಿದುಕೊಂಡು, ಮೊದಲು ಸ್ಕ್ರೂ ತಿರುಗಿಸಿದ್ದು ನಾನೇ ಎಂದು, ಆಮೇಲೆ ನಾಳೆಯೇ ಡಾಕ್ಟರ ಹತ್ತಿರ ಹೋಗೋಣ ಎಂದು –